ರಾಣಿಗೆ ಮಾತ್ರ ಗೊತ್ತಿರಲಿಲ್ಲ

ಮಕ್ಕಳೇ, ನಾಟಕವಾದ ಮೇಲೆ ನಿಮ್ಮಲ್ಲಿ ದೊಡ್ಡವಳು ನನ್ನನ್ನು ಒಂದು ಪ್ರಶ್ನೆ ಕೇಳಿದಳು. "ಅಜ್ಜಿ, ನನ್ನ ಸ್ಪೀಚ್ ಮುಗಿಯೋ ತನಕ ಯಾಕೆ ವೇಟ್ ಮಾಡ್ಲಿಲ್ಲ?" ನಾನು "ಒಲೆ ಮೇಲೆ ಹಾಲಿದೆ" ಎಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಇನ್ನೊಂದು ಸಲ ಕೇಳಿದಾಗಲೂ ನಾನು ಸೆರಗು ಸರಿ ಮಾಡಿಕೊಂಡು ಕಿಟಕಿ ನೋಡಿದೆ.

ಎದುರಿಗೆ ಕೂತು ಹೇಳುವುದು ನನಗೆ ಬಾರದು. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದುವಾಗಲೂ ಮೇಷ್ಟ್ರು ಎದ್ದು ನಿಲ್ಲಿಸಿದರೆ ಗೊತ್ತಿದ್ದ ಉತ್ತರ ಗಂಟಲಲ್ಲೇ ಉಳಿಯುತ್ತಿತ್ತು. ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಬರೆದೇ ತೋರಿಸುತ್ತೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ತಿಳಿಯುತ್ತದೆ. ನಿಮ್ಮಪ್ಪನಿಂದಲೋ ಫೋನಿನಿಂದಲೋ ಓದಿಸಿಕೊಳ್ಳಿ.

ಅದು ಒಂದು ಗುರುವಾರ ಬೆಳಿಗ್ಗೆ ಶುರುವಾಯಿತು. ಸನ್ನಿವೇಲ್‌ನ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಇರುವುದು ಗರಾಜಿನಲ್ಲಿ. ಒದ್ದೆ ಬಟ್ಟೆ ತೆಗೆಯಲು ಬಾಗಿಲು ತೆರೆದರೆ ನಿಮ್ಮಪ್ಪ ಕಾರಿನ ಹಿಂದೆ ನಿಂತು ಫೋನಿನಲ್ಲಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ. ಮನೆಯಲ್ಲಿ ಇಷ್ಟು ಕೋಣೆಗಳಿರುವಾಗ ಗರಾಜಿಗೆ ಬಂದು ಯಾರೂ ಒಳ್ಳೆಯ ಸುದ್ದಿ ಮಾತಾಡುವುದಿಲ್ಲ. "ವೆಂಟಿಲೇಟರ್" ಎಂಬ ಮಾತು ಕಿವಿಗೆ ಬಿತ್ತು. ನನಗೆ ಗೊತ್ತಿರುವ ಕೆಲವೇ ಇಂಗ್ಲಿಷ್ ಮಾತುಗಳಲ್ಲಿ ಅದೊಂದು. ನಿಮ್ಮ ತಾತ ಹೋಗುವ ಮುಂಚೆ ಕಲಿತದ್ದು.

ಫೋನ್ ಇಟ್ಟು ತಿರುಗಿದವನು ನನ್ನನ್ನು ನೋಡಿ ಬೆಚ್ಚಿದ. "ಅಮ್ಮ, ಎಷ್ಟೊತ್ತಿಂದ ನಿಂತಿದೀಯ?"

"ಯಾರಿಗೆ?"

"ಮೆತ್ತಗೆ. ಅವಳು ಒಳಗೆ ವಿಡಿಯೋ ಮೀಟಿಂಗಲ್ಲಿದಾಳೆ." ಬಾಗಿಲು ಮುಚ್ಚಿಕೊಂಡು ಹೇಳಿದ. "ಮಾವನಿಗೆ. ಬೆಳಗಿನ ಜಾವ ಬಚ್ಚಲಲ್ಲಿ ಬಿದ್ದಿದಾರೆ. ಬಿಸಿನೀರಿನ ಚೊಂಬು ಬಿದ್ದ ಸದ್ದು ಕೇಳಿ ಭಾವ ಹೋಗಿ ನೋಡಿದ್ರಂತೆ. ಸ್ಟ್ರೋಕು. ಡಾಕ್ಟ್ರು ಭರವಸೆ ಕೊಡ್ತಿಲ್ಲ."

ಮಾವ ಎಂದರೆ ನಿಮ್ಮಮ್ಮನ ಅಪ್ಪ, ನಿಮ್ಮ ಉಡುಪಿ ಅಜ್ಜ. ಭಾವ ಎಂದರೆ ನಿಮ್ಮಮ್ಮನ ಅಣ್ಣ.

"ಅವಳಿಗೆ ಹೇಳ್ಬೇಕಲ್ಲಪ್ಪ."

"ಈಗ ಬೇಡ. ಭಾವನೂ ಅದನ್ನೇ ಹೇಳಿದ್ರು. ಹೇಳಿದ್ರೆ ಗಾಬರಿ ಬೀಳ್ತಾಳೆ, ಒಬ್ಬಳೇ ಒಂದು ದಿನ ಪೂರ್ತಿ ವಿಮಾನದಲ್ಲಿ ಅಳ್ತಾ ಕೂತಿರ್ತಾಳೆ. ಶನಿವಾರ ಪುಟ್ಟಿ ನಾಟಕ ಇದೆ, ಅದೊಂದು ನೋಡ್ಲಿ. ಶನಿವಾರ ಸಂಜೇನೂ ಒಂದು ಫ್ಲೈಟ್ ಇದೆ, ಆದ್ರೆ ನಾಟಕ ಮುಗಿಸಿ ಬರೋಷ್ಟರಲ್ಲಿ ಅದು ಸಿಗಲ್ಲ. ಭಾನುವಾರದ್ದು ಬುಕ್ ಮಾಡ್ತೀನಿ. ಅಲ್ಲೀವರೆಗೂ ಗ್ಯಾಸ್ಟ್ರಿಕ್ಕು, ಅಬ್ಸರ್ವೇಶನ್ನಿಗೆ ಇಟ್ಕೊಂಡಿದಾರೆ ಅಂತ."

"ಭಾನುವಾರದೊಳಗೆ ಏನಾದ್ರೂ ಆದ್ರೆ?"

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. "ನಿನ್ ಮುಖದಲ್ಲಿ ಎಲ್ಲಾ ಕಾಣ್ಸತ್ತಮ್ಮ. ಸ್ವಲ್ಪ ನಾರ್ಮಲ್ಲಾಗಿರು" ಎಂದ.

ಅವನ ಮೇಲೆ ಕೋಪ ಮಾಡಿಕೊಳ್ಳಬೇಡಿ. ನಮ್ಮ ಜನ ಪ್ರೀತಿಯಿಂದ ಮಾಡುವ ಕೆಲಸ ಇದು. ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ, ದೂರದಲ್ಲಿರುವವರಿಗೆ ಕೆಟ್ಟ ಸುದ್ದಿಯನ್ನು ಪೂರ್ತಿ ಹೇಳುವುದಿಲ್ಲ. ನನ್ನ ತಾಯಿ ತೀರಿಕೊಂಡಾಗ ತವರಿನಿಂದ ಬಂದ ಆಳು "ಅಮ್ಮಾವ್ರಿಗೆ ಸ್ವಲ್ಪ ಜ್ವರ, ನಿಮ್ಮನ್ನ ನೋಡ್ಬೇಕಂತೆ" ಎಂದ. ನಾನು ದಾರಿಯಲ್ಲಿ ಬಸ್ಸು ಬದಲಿಸುವಾಗ ಮೂಸಂಬಿ ಕೊಂಡೆ, ಒಂದು ಬ್ರೆಡ್ಡು ಕೊಂಡೆ. ಜ್ವರದ ಬಾಯಿಗೆ ಹುಳಿ ಬೇಡವೇನೋ ಎಂದು ಅಂಗಡಿಯವನ ಹತ್ತಿರ ಹಣ್ಣು ಬದಲಿಸಿಕೊಂಡೆ. ಊರ ಮುಂದೆ ಇಳಿದಾಗ ಜನ ನನಗೆ ದಾರಿ ಬಿಟ್ಟು ನಿಂತರು. ನನ್ನ ಕೈಲಿದ್ದ ಬ್ರೆಡ್ಡನ್ನು ನೋಡಿ ಒಬ್ಬಾಕೆ ಬಾಯಿಗೆ ಸೆರಗು ಹಿಡಿದುಕೊಂಡಳು. ಆ ಬಸ್ಸಿನಲ್ಲಿದ್ದ ಎಲ್ಲರಿಗೂ, ಪಕ್ಕದಲ್ಲಿ ಕೂತು ಬಂದ ಆಳಿಗೂ, ಗೊತ್ತಿತ್ತು. ನಾನೊಬ್ಬಳು ದಾರಿಯುದ್ದಕ್ಕೂ ಹಣ್ಣಿನ ಚೀಲ ಜಜ್ಜದಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಇಲ್ಲಿಯ ಆಸ್ಪತ್ರೆಯಲ್ಲಿ ನಿಮ್ಮ ತಾತನಿಗೆ ಜಾಸ್ತಿಯಾದಾಗ ಡಾಕ್ಟರಮ್ಮ ನನ್ನ ಎದುರು ಕುರ್ಚಿ ಎಳೆದುಕೊಂಡು, ನನ್ನ ಕಣ್ಣನ್ನೇ ನೋಡಿ ತುಂಬಾ ಹೊತ್ತು ಮಾತಾಡಿದಳು. ಮುಗಿದ ಮೇಲೆ ನಿಮ್ಮಪ್ಪ ಅದನ್ನು ನನಗೆ ಕನ್ನಡದಲ್ಲಿ ಹೇಳಿದ: "ಸ್ವಲ್ಪ ವೀಕ್ ಆಗಿದಾರಂತೆ ಅಮ್ಮ." ಅಷ್ಟುದ್ದದ ಮಾತು ಅಷ್ಟೇ ಆಗಿರಲಾರದು ಎಂದು ನನಗೆ ಗೊತ್ತಾಯಿತು. ಕೇಳಲು ನಾಚಿಕೆಯಾಯಿತು.

ಆ ಗುರುವಾರ ಸಂಜೆ ದೊಡ್ಡವಳು ಬರ್ಕ್ಲಿಯ ಕಾಲೇಜಿನಿಂದ ರೈಲು ಬದಲಿಸಿಕೊಂಡು ಮನೆಗೆ ಬಂದಳು. ಕೈಯಲ್ಲಿ ಒಂದು ಪೆಟ್ಟಿಗೆ. ಅದರಲ್ಲಿ ಹಳೆಯ ಬಟ್ಟೆಯ ಮೇಲೆ ಮಲಗಿಸಿದ ಒಂದು ಮುಖ. ಬಟ್ಟೆಪಟ್ಟಿಗೆ ಗಾರೆ ಮೆತ್ತಿ ಒಣಗಿಸಿ ಅವಳೇ ಮಾಡಿದ ಮುಖವಾಡ. ಬಾಯಿ ತೆರೆದಿತ್ತು, ಕಣ್ಣಿನ ಜಾಗ ತೂತು. ಕಾಲೇಜಿನಲ್ಲಿ ಅವಳು ಹಳೆಯ ಗ್ರೀಕರ ನಾಟಕದ ಪಾಠ ತೆಗೆದುಕೊಂಡಿದ್ದಳು. ಆ ಕ್ಲಾಸಿನ ಮಕ್ಕಳೇ ಹಳೆಯ ಕಟ್ಟಳೆಯಲ್ಲಿ ಒಂದು ಹೊಸ ನಾಟಕ ಬರೆದು ಆಡುವವರಿದ್ದರು. ಅದರಲ್ಲಿ ಇವಳದು ದೂತನ ವೇಷ. ದೂತನ ನಿಲುವಂಗಿಗೆ ನನ್ನ ಹಳೆಯ ಕೋರಾ ಸೀರೆಯನ್ನು ಕೇಳಿದ್ದಳು. ಅದರ ಅಂಚು ಹೊಲಿಸಿಕೊಂಡು ಹೋಗಲು ಬಂದಿದ್ದಳು.

ನಾನು ಅಂಚು ಮಡಿಸುತ್ತಾ ಕೂತೆ. ಅವಳು ನಡುಮನೆಯ ಕಾರ್ಪೆಟ್ಟಿನ ಮೇಲೆ ಅತ್ತಿಂದಿತ್ತ ಓಡಾಡುತ್ತಾ ಕಥೆ ಹೇಳಿದಳು, ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಒಬ್ಬಳು ರಾಣಿ. ಅವಳ ತಮ್ಮ ಸಮುದ್ರದಾಚೆ ಯುದ್ಧಕ್ಕೆ ಹೋಗಿದ್ದಾನೆ. ಇವತ್ತು ಬರುತ್ತಾನೆಂದು ರಾಣಿ ಬಾಗಿಲಿಗೆ ಹಾರ ಕಟ್ಟಿಸುತ್ತಾಳೆ, ಅವನಿಗೆ ಇಷ್ಟವೆಂದು ಅಂಜೂರ ತರಿಸುತ್ತಾಳೆ. ಅವನ ಹಡಗು ಮುಳುಗಿದೆ. ಊರಿನ ಮುದುಕಿಯರ ಗುಂಪೊಂದು ರಂಗದ ಮೇಲೆ ಮೊದಲಿಂದಲೂ ನಿಂತಿರುತ್ತದೆ. ಅವರಿಗೆ ದಡದಲ್ಲೇ ಸುದ್ದಿ ಸಿಕ್ಕಿದೆ.

"ಗೊತ್ತಿದ್ದೂ ಹೇಳಲ್ವಾ ಆ ಮುದುಕಿಯರು?" ಎಂದೆ. ಸೂಜಿ ಬೆರಳಿಗೆ ಚುಚ್ಚಿತು.

"ಅವರು ಕೋರಸ್ ಅಜ್ಜಿ. ದೆ ಕಾಂಟ್ ಡೂ ಎನಿಥಿಂಗ್. ನಿಂತು ಹಾಡ್ತಾರೆ ಅಷ್ಟೆ."

"ನೋಡಕ್ಕೆ ಬಂದವರಿಗೆ?"

"ಅವರಿಗೂ ಗೊತ್ತು. ಆ ಕಾಲದಲ್ಲಿ ಎಲ್ಲರಿಗೂ ಸ್ಟೋರಿ ಮೊದಲೇ ಗೊತ್ತಿರ್ತಿತ್ತು. ಎವ್ರಿಬಡಿ ನೋಸ್. ರಾಣಿಗೆ ಮಾತ್ರ ಗೊತ್ತಿಲ್ಲ. ದಟ್ಸ್ ದ ಪಾಯಿಂಟ್."

ಗ್ರೀಕರ ರಂಗದ ಮೇಲೆ ಯಾರನ್ನೂ ಸಾಯಿಸುವುದಿಲ್ಲವಂತೆ. ಸಾವು ಬೇರೆಲ್ಲೋ ಆಗುತ್ತದೆ. ಅದನ್ನು ಕಂಡವನು ಓಡಿ ಬಂದು ಹೇಳುತ್ತಾನೆ. ಅವನೇ ದೂತ. ಹೇಳುವುದೆಂದರೆ ಒಂದು ಮಾತಲ್ಲ. ಗಾಳಿ ಯಾವ ಕಡೆ ಬೀಸುತ್ತಿತ್ತು, ಹಗ್ಗ ಹೇಗೆ ಹರಿಯಿತು, ಹುಡುಗ ಕೊನೆಗೆ ಯಾವ ಹಲಗೆ ಹಿಡಿದುಕೊಂಡ, ಎಲ್ಲ. ಅವಳು ಮುಖವಾಡ ಹಾಕಿಕೊಂಡು ಆ ಮಾತನ್ನು ನನಗೆ ಒಪ್ಪಿಸಿದಳು. ಇಂಗ್ಲಿಷಿನದು. ನಾನು ಅಲ್ಲಲ್ಲಿ "ಹ್ಞೂಂ", "ಹ್ಞೂಂ" ಎನ್ನುತ್ತಿದ್ದೆ.

ಅವಳು ನಿಲ್ಲಿಸಿ ಮುಖವಾಡ ಮೇಲೆತ್ತಿದಳು. "ಅಜ್ಜಿ! ಹ್ಞೂಂ ಅನ್ಬೇಡ. ದ ಕ್ವೀನ್ ಡಸಂಟ್ ಸೇ ಹ್ಞೂಂ!"

"ನಮ್ ಕಡೆ ಹ್ಞೂಂಗುಡದೆ ಇದ್ರೆ ಕಥೆ ಹೇಳೋರು ಅಲ್ಲಿಗೇ ನಿಲ್ಲಿಸ್ಬಿಡ್ತಾರೆ ಕಣೆ. ಕೇಳೋರಿಗೆ ನಿದ್ದೆ ಬಂತು ಅಂತ."

"ಅವಳ ತಮ್ಮ ಸತ್ತಿದಾನೆ. ಅವಳಿಗೆ ನಿದ್ದೆ ಬರಲ್ಲ."

ನಾನು ದಾರ ಕಡಿದೆ. "ಸತ್ತ ಅಂದ್ರೆ ಮುಗೀತಲ್ಲ. ಅಷ್ಟುದ್ದ ಯಾಕೆ ಹೇಳ್ತಾನೆ ಪಾಪ, ಎದುರಿಗಿರೋಳು ಅಳ್ತಾ ಇರುವಾಗ?"

ಅವಳು ಕೆಳತುಟಿ ಕಚ್ಚಿದಳು. ಕನ್ನಡದ ಮಾತಿಗಾಗಿ ಹುಡುಕುವಾಗ ಅವಳು ಹಾಗೆ ಮಾಡುತ್ತಾಳೆ. "ಅವಳು ಅಲ್ಲಿ ಇರ್ಲಿಲ್ಲ ಅಲ್ವಾ ಅಜ್ಜಿ? ಅದಕ್ಕೆ. ಅವಳನ್ನ ಅಲ್ಲಿಗೆ ಕರ್ಕೊಂಡು ಹೋಗ್ಬೇಕು."

ಅವಳಿಗೆ ಈ ಮಾತುಗಳನ್ನು ಹೇಗೆ ಆಡಬೇಕೆಂದು ಹೇಳಿಕೊಟ್ಟವರು ಉಡುಪಿ ಅಜ್ಜ. ಹರೆಯದಲ್ಲಿ ಅವರು ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಭಾನುವಾರ ವಿಡಿಯೋದಲ್ಲಿ ಬಂದರೆ ಇವಳನ್ನು ನಿಲ್ಲಿಸಿ ಆಡಿಸುತ್ತಿದ್ದರು. "ಮಗಾ, ದೂತ ಅಂದ್ರೆ ಓಡಿ ಬಂದವ. ಬಂದ ಕೂಡ್ಲೆ ಮಾತು ಹ್ಯಾಗೆ ಬರ್ತದೆ? ಮೊದ್ಲು ಉಸಿರು. ಮತ್ತೆ ಮಾತು. ಎಂತ?" ಎನ್ನುತ್ತಿದ್ದರು. "ನಾಟಕದ ವಿಡಿಯೋ ಕಳಿಸದಿದ್ರೆ ನಾನೇ ವಿಮಾನ ಹತ್ತಿ ಬರುವವ" ಎಂದು ಹೆದರಿಸಿದ್ದರು.

ಅವಳು ಸ್ನಾನಕ್ಕೆ ಹೋದಾಗ ನಾನು ಆ ಮುಖವಾಡ ಕೈಗೆತ್ತಿಕೊಂಡೆ. ಹಗುರವಾಗಿತ್ತು. ಯಾಕೆಂದು ಗೊತ್ತಿಲ್ಲ, ಮುಖಕ್ಕೆ ಹಿಡಿದೆ. ಒಳಗೆ ನನ್ನ ಉಸಿರಿನ ಸದ್ದು ನನಗೇ ದೊಡ್ಡದಾಗಿ ಕೇಳಿತು. ಅಷ್ಟರಲ್ಲಿ ಬಾಗಿಲು ತೆರೆದು ನಿಮ್ಮಮ್ಮ ಆಫೀಸಿನಿಂದ ಬಂದಳು.

"ಅಯ್ಯೋ ಅತ್ತೆ! ಹೆದರಿಸಿಬಿಟ್ರಲ್ಲ ಮಾರಾಯ್ರೆ!" ಎಂದು ನಕ್ಕಳು. "ನಿಮಗೂ ಪಾರ್ಟು ಕೊಟ್ಟಿದಾಳಾ? ಒಂದು ಡೈಲಾಗು ಹೇಳಿ ನೋಡುವ."

ನಾನು ಮುಖವಾಡ ತೆಗೆಯಲಿಲ್ಲ. ತೆಗೆದರೆ ನನ್ನ ಮುಖ ಕಾಣುತ್ತಿತ್ತು. ಅವಳು ಚೀಲ ಇಳಿಸಿ, ಚಪ್ಪಲಿ ಬಿಟ್ಟು, ಗ್ಯಾಸ್ಟ್ರಿಕ್ಕಿನ ವಿಷಯ ತೆಗೆದಳು. "ಅಪ್ಪ ಹಲಸಿನ ಹಣ್ಣು ತಿಂದಿರ್ತಾರೆ, ಗ್ಯಾರಂಟಿ. ಬೇಡ ಅಂದ್ರೆ ಕದ್ದು ತಿನ್ನುದು. ಈಗ ಆಸ್ಪತ್ರೆಯಲ್ಲಿ ಫೋನೂ ಕೊಡುದಿಲ್ವಂತೆ. ಅಲ್ಲಾ ಅತ್ತೆ, ಗ್ಯಾಸಿಗೆ ಯಾರಾದ್ರೂ ಎರಡು ದಿನ ಅಡ್ಮಿಟ್ ಮಾಡ್ಕೊಳ್ತಾರಾ?"

ಮುಖವಾಡದ ಒಳಗಿಂದ ನಾನು "ಹ್ಞೂಂ" ಎಂದೆ. ಅವಳು ಇನ್ನೂ ಜೋರಾಗಿ ನಕ್ಕಳು.

ಶುಕ್ರವಾರ ಹೇಗೆ ಕಳೆಯಿತೋ ತಿಳಿಯದು. ಒಗ್ಗರಣೆ ಹೊತ್ತಿಸಿದೆ. ಫೋನು ಸದ್ದಾದರೆ ಕೈಲಿದ್ದುದನ್ನು ಬಿಟ್ಟು ಬರುತ್ತಿದ್ದೆ, ಬಂದು ಸುಮ್ಮನೆ ನಿಲ್ಲುತ್ತಿದ್ದೆ. ನಿಮ್ಮಮ್ಮ ಅಣ್ಣನಿಗೆ ಫೋನ್ ಮಾಡಿದರೆ ಅವನು "ಮಲಗಿದಾರೆ ಮಾರಾಯ್ತಿ, ಎಬ್ಬಿಸುದು ಬೇಡ" ಎನ್ನುತ್ತಿದ್ದ. ಅವನಿಗೆ ನಾಟಕ ಬರುತ್ತಿರಲಿಲ್ಲ. ದನಿ ಒಡೆಯುತ್ತಿತ್ತು. ನಿಮ್ಮಮ್ಮ ಫೋನ್ ಇಟ್ಟು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಧ ಅನುಮಾನ ಬಂದಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಕೇಳುವುದಕ್ಕೆ ಅವಳಿಗೂ ಹೆದರಿಕೆ.

ಶನಿವಾರ ಬೆಳಿಗ್ಗೆ ನಿಮ್ಮಪ್ಪ ಹಲ್ಲುಜ್ಜುವ ನೆಪದಲ್ಲಿ ನನ್ನ ಕೋಣೆಗೆ ಬಂದ. "ಬಿಪಿ ನಿಲ್ತಾ ಇಲ್ವಂತೆ" ಎಂದ. ಅವನ ಬಾಯಿಯ ಸುತ್ತ ಪೇಸ್ಟಿನ ನೊರೆ ಹಾಗೇ ಇತ್ತು.

"ಹಂಗಾದ್ರೆ ಇವತ್ತೇ ಕಳಿಸು."

"ನಾಟಕ ಐದಕ್ಕೆ ಮುಗಿಯತ್ತೆ. ಪಾಸ್‌ಪೋರ್ಟು ಮನೇಲಿದೆ. ವಾಪಸ್ ಬಂದು ಏರ್‌ಪೋರ್ಟಿಗೆ ಹೋಗಕ್ಕೆ ಟೈಮೆಲ್ಲಿದೆ? ನಾಳೆ ಹೋಗ್ತಾಳೆ. ಇನ್ನೊಂದೇ ದಿನ ಅಮ್ಮ. ಮಗಳ ನಾಟಕ ತಪ್ಪಿಸಿದ್ರೆ ಅದನ್ನೂ ಜೀವಮಾನ ಪೂರ್ತಿ ನೆನೆಸ್ಕೊಂಡು ಅಳ್ತಾಳೆ."

ಅವನು ಹೇಳಿದ್ದೂ ಸುಳ್ಳಲ್ಲ. ಅದಕ್ಕೇ ನನಗೆ ಸಂಕಟ.

ಕಾರಿನಲ್ಲಿ ನಿಮ್ಮಲ್ಲಿ ಚಿಕ್ಕವನು ನನ್ನ ಪಕ್ಕ, ಕಿವಿಗೆ ಏನೋ ಸಿಕ್ಕಿಸಿಕೊಂಡು. ಹೇವರ್ಡ್ ಹತ್ತಿರ ಫ್ರೀವೇಯಲ್ಲಿ ಕಾರುಗಳು ನಿಂತುಬಿಟ್ಟವು. ನಿಮ್ಮಮ್ಮ ಮುಂದೆ ಕೂತು ಗಡಿಯಾರ ನೋಡಿ "ಶುರುವಾಗಿಬಿಡ್ತದೆ" ಎಂದು ಒದ್ದಾಡಿದಳು. ನಾನೂ ಗಡಿಯಾರವನ್ನೇ ನೋಡುತ್ತಿದ್ದೆ. ಅವಳು ನಾಟಕದ ಹೊತ್ತನ್ನು ಎಣಿಸುತ್ತಿದ್ದಳು, ನಾನು ಸಂಜೆಯ ವಿಮಾನದ ಹೊತ್ತನ್ನು. ಅವಳ ತೊಡೆಯ ಮೇಲೆ ಮಗಳಿಗೆಂದು ಕೊಂಡ ಹೂವಿನ ಗೊಂಚಲು. ದಾರಿಯುದ್ದಕ್ಕೂ ಅದು ನಲುಗದಂತೆ ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು. ನನಗೆ ಬ್ರೆಡ್ಡು ನೆನಪಾಯಿತು. ಕಣ್ಣು ಮುಚ್ಚಿದೆ.

"ಏನಮ್ಮ, ವಾಕರಿಕೆ ಬರ್ತಿದ್ಯಾ?" ಎಂದು ನಿಮ್ಮಪ್ಪ ಕನ್ನಡಿಯಲ್ಲಿ ನೋಡಿ ಕೇಳಿದ. ಅದು ಪ್ರಶ್ನೆಯಾಗಿರಲಿಲ್ಲ.

ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಮೆಟ್ಟಿಲುಗಳು ಅರ್ಧ ಬಳೆಯ ಹಾಗೆ ಸುತ್ತಿಕೊಂಡಿದ್ದವು, ಕೆಳಗೆ ದುಂಡನೆಯ ಜಾಗ. ಅದೇ ರಂಗ. ಹಿಂದೆ ನೀಲಗಿರಿ ಮರಗಳು. ಮೈಕಿಲ್ಲ, ಪರದೆಯಿಲ್ಲ, ದೀಪವಿಲ್ಲ, ಹಗಲಿನ ಬೆಳಕು. ಹಳೆಯ ಗ್ರೀಕರೂ ಹೀಗೇ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರಂತೆ. ಕಲ್ಲು ತಣ್ಣಗಿತ್ತು. ನಿಮ್ಮಮ್ಮ ತನ್ನ ಶಾಲು ಮಡಿಸಿ ನನಗೆ ಕೂರಲು ಹಾಸಿದಳು. ಮೆಟ್ಟಿಲಿನ ಅಂಚಿಗೆ ನಾನು, ಪಕ್ಕದಲ್ಲಿ ಅವಳು, ಆಮೇಲೆ ನಿಮ್ಮಪ್ಪ, ಚಿಕ್ಕವನು.

ನಾಟಕ ಇಂಗ್ಲಿಷಿನದಾದರೂ ನನಗೆ ತಿಳಿಯಿತು. ಕಥೆ ಮೊದಲೇ ಗೊತ್ತಿತ್ತಲ್ಲ. ಮುದುಕಿಯರ ಗುಂಪು ಬೂದಿ ಬಣ್ಣದ ಮುಖಗಳನ್ನು ಹೊತ್ತು ಸಾಲಾಗಿ ಬಂತು. ಒಂದೇ ಹೆಜ್ಜೆ, ಒಂದೇ ದನಿ. ರಾಣಿ ಬಂದಳು. ಅವಳ ಮುಖವಾಡ ನಗುತ್ತಿರಲೂ ಇಲ್ಲ, ಅಳುತ್ತಿರಲೂ ಇಲ್ಲ. ಅವಳು ಹಾರ ಕಟ್ಟಿಸಿದಳು. ಅಂಜೂರದ ತಟ್ಟೆ ತರಿಸಿ, ಒಂದನ್ನು ಕೈಯಲ್ಲಿ ಒತ್ತಿ ನೋಡಿ, ಹಣ್ಣಾಗಿಲ್ಲವೆಂದು ಬೇರೆ ತರಿಸಿದಳು. ಜನ ಉಸಿರು ಬಿಡದೆ ನೋಡುತ್ತಿದ್ದರು. ಕೂತವರಿಗೆಲ್ಲ ಗೊತ್ತು. ಯಾರೂ ಎದ್ದು "ಅಮ್ಮಾ, ಹಣ್ಣು ಬೇಡ" ಎನ್ನಲಿಲ್ಲ.

ನಿಮ್ಮಮ್ಮ ನನ್ನ ಕಿವಿಗೆ ಬಾಗಿದಳು. "ಇನ್ನು ಇವಳದ್ದೇ ಬರುದು. ಅಪ್ಪನಿಗೆ ಕಳಿಸ್ಲಿಕ್ಕೆ ವಿಡಿಯೋ ಮಾಡ್ತೇನೆ. ನೋಡಿದ ಕೂಡ್ಲೆ ಗ್ಯಾಸು ಗೀಸು ಎಲ್ಲ ಇಳಿತದೆ." ಫೋನನ್ನು ಎತ್ತಿ ಹಿಡಿದಳು.

ಕೆಳಗೆ ರಾಣಿ ಮುದುಕಿಯರ ಕಡೆ ತಿರುಗಿದಳು. ಯಾಕೆ ಸುಮ್ಮನಿದ್ದೀರಿ ಎಂದು ಕೇಳಿದಳು. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಮುದುಕಿಯರು ಒಟ್ಟಿಗೆ ನೆಲ ನೋಡಿದರು.

ಆಗ ನಾನು ನಿಮ್ಮಮ್ಮನ ಮಣಿಕಟ್ಟು ಹಿಡಿದೆ. "ಬಾ, ಹೊರಗೆ ಬಾ" ಎಂದೆ.

"ಬಾತ್‌ರೂಮಾ ಅತ್ತೆ? ಎರಡು ನಿಮಿಷ—"

"ಈಗಲೇ ಬಾ."

ನನ್ನ ದನಿ ಕೇಳಿ ಅವಳ ಬಣ್ಣ ಹೋಯಿತು. ಫೋನನ್ನು ನಿಮ್ಮಪ್ಪನ ಕೈಗೆ ತುರುಕಿ ಎದ್ದಳು. ಅವನು ನನ್ನನ್ನು ನೋಡಿದ. ಬೇಡ ಎಂದು ತಲೆಯಾಡಿಸಿದ. ಮಗನ ಮಾತನ್ನು ನಾಲ್ಕು ಜನರ ಎದುರು ನಾನು ಮೀರಿ ನಡೆದದ್ದು ಅದೇ ಮೊದಲು. ಮೆಟ್ಟಿಲು ಹತ್ತುವಾಗ ಅವಳ ಮಣಿಕಟ್ಟು ಬಿಡಲಿಲ್ಲ. ಜನ ತಿರುಗಿ ನೋಡಿದರು.

ಮೇಲಿನ ಗೋಡೆಯ ಹಿಂದೆ, ಮರಗಳ ಕೆಳಗೆ ನಿಂತೆವು. ನೆಲದ ತುಂಬ ಸುಲಿದು ಬಿದ್ದ ತೊಗಟೆ. ಬಾಯಿ ತೆರೆದೆ, ಏನೂ ಬರಲಿಲ್ಲ. ಶಾಲೆಯಲ್ಲಿ ಎದ್ದು ನಿಂತ ಹಾಗೇ. ಮೊದ್ಲು ಉಸಿರು, ಮತ್ತೆ ಮಾತು. ನಿಮ್ಮ ಉಡುಪಿ ಅಜ್ಜನ ಮಾತು ಅದು. ಉಸಿರು ಎಳೆದುಕೊಂಡೆ.

"ನಿಮ್ಮಪ್ಪನಿಗೆ ಗ್ಯಾಸ್ಟ್ರಿಕ್ ಅಲ್ಲ" ಎಂದೆ.

ಅವಳು ನನ್ನ ಎರಡು ತೋಳನ್ನೂ ಹಿಡಿದುಕೊಂಡಳು. "ಜೀವ ಉಂಟಾ? ಸತ್ಯ ಹೇಳಿ ಅತ್ತೆ. ಜೀವ ಉಂಟಾ ಇಲ್ವಾ?"

"ಉಂಟು. ಇವತ್ತು ಬೆಳಿಗ್ಗೆವರೆಗೂ ಉಂಟು."

ಆಮೇಲೆ ಎಲ್ಲ ಹೇಳಿದೆ. ಬೆಳಗಿನ ಜಾವ ಬಚ್ಚಲಿಗೆ ಹೋದದ್ದು, ಚೊಂಬು ಬಿದ್ದ ಸದ್ದು, ಅವಳಣ್ಣ ಬಾಗಿಲು ತಳ್ಳಿದ್ದು, ಕಾರಿನಲ್ಲಿ ಕರೆದೊಯ್ದದ್ದು, ಉಸಿರಾಟದ ಯಂತ್ರ ಹಾಕಿದ್ದು, ಬಿಪಿ ನಿಲ್ಲದಿರುವುದು. ನನಗೆ ಗೊತ್ತಿದ್ದುದರಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ಸಂಜೆ ಒಂದು ವಿಮಾನವಿದೆ, ಈಗ ಹೊರಟರೆ ಸಿಗಬಹುದು ಎಂದೂ ಹೇಳಿದೆ. ಅವಳು ಅಳಲಿಲ್ಲ. ನನ್ನ ತುಟಿಯನ್ನೇ ನೋಡುತ್ತಾ ನಿಂತಿದ್ದಳು.

ನಾನು ಮುಗಿಸುವ ಮುಂಚೆಯೇ ಗೋಡೆಯ ಆಚೆಯಿಂದ ಇನ್ನೊಂದು ದನಿ ಬಂತು. ಮೊದಲು ಉದ್ದನೆಯ ಉಸಿರು, ಆಮೇಲೆ ಮಾತು. ಆ ಕಲ್ಲಿನ ಮಹಿಮೆಯೋ ಏನೋ, ಅಷ್ಟು ದೂರಕ್ಕೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿತು. ಗಾಳಿ, ಹಗ್ಗ, ಹಲಗೆ. ನಿಮ್ಮಮ್ಮ ಒಂದು ಹೆಜ್ಜೆ ರಂಗದ ಕಡೆ ಇಟ್ಟಳು. "ಅವಳದ್ದು..." ಎಂದಳು. ಮತ್ತೆ ನಿಂತಳು. ಯಾವ ಕಡೆಗೂ ಹೋಗಲಾಗದೆ ಕಾಲು ಅಲ್ಲೇ ನೆಟ್ಟುಹೋದ ಹಾಗಿತ್ತು.

ದೊಡ್ಡವಳೇ, ನಿನ್ನ ಅಮ್ಮ ನಿನ್ನನ್ನು ಬಿಟ್ಟು ಸುಮ್ಮನೆ ಹೋಗಲಿಲ್ಲ. ಕೇಳಿಸಿಕೊಂಡಳು. ಪೂರ್ತಿ ಅಲ್ಲ, ಆದರೆ ಕೇಳಿಸಿಕೊಂಡಳು.

ನಿಮ್ಮಪ್ಪ ಏದುಸಿರು ಬಿಡುತ್ತಾ ಬಂದ. ನಿಮ್ಮಮ್ಮನ ಮುಖ ನೋಡಿದ, ನನ್ನನ್ನು ನೋಡಿದ. "ಅಮ್ಮಾ! ಇನ್ನರ್ಧ ಗಂಟೆ ಕಾಯಕ್ಕಾಗ್ಲಿಲ್ವಾ?" ಎಂದ.

ನಾನು ಉತ್ತರ ಕೊಡುವ ಮುಂಚೆ ನಿಮ್ಮಮ್ಮ ಹೇಳಿದಳು, ತುಂಬಾ ತಣ್ಣಗೆ: "ಕಾರ್ ಕೀ ತೆಗೀರಿ. ದಾರಿಯಲ್ಲಿ ನನ್ನ ಹತ್ರ ಮಾತಾಡ್ಬೇಡಿ. ಟಿಕೆಟ್ ಮಾಡಿ."

ಅವರಿಬ್ಬರೂ ಹೊರಟುಹೋದರು. ನಾನೂ ಚಿಕ್ಕವನೂ ಉಳಿದೆವು. ಹೂವಿನ ಗೊಂಚಲು ಕಲ್ಲಿನ ಮೇಲೇ ಇತ್ತು. ಚಪ್ಪಾಳೆ ಮುಗಿದ ಮೇಲೆ ದೊಡ್ಡವಳು ಮುಖವಾಡವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಓಡಿ ಬಂದಳು. ಅವಳು ಮಾತಾಡುತ್ತಿದ್ದಾಗ ಮುಖವಾಡದ ತೂತಿನಿಂದ ನಮ್ಮ ಜಾಗ ನೋಡಿದ್ದಳಂತೆ. ಮೂರು ಜಾಗ ಖಾಲಿ. ಅಲ್ಲಿ ಚಿಕ್ಕವನು ಒಬ್ಬನೇ.

"ವೇರ್ ಈಸ್ ಅಮ್ಮ? ನೋಡಿದ್ಲಾ? ಅಜ್ಜಿ, ಡಿಡ್ ಶಿ ಸೀ ಇಟ್?"

ಆಗ ನೋಡಿ ನನಗೆ ಏನಾಯಿತು. ಆ ಗೋಡೆಯ ಹಿಂದೆ ಅಷ್ಟೆಲ್ಲ ಹೇಳಿದ ಬಾಯಿಂದಲೇ, "ಅಜ್ಜನಿಗೆ ಸ್ವಲ್ಪ ಹುಷಾರಿಲ್ಲ ಪುಟ್ಟಿ" ಎಂದು ಬಂತು. ಅವಳ ಕೆನ್ನೆಯ ಮೇಲೆ ಮುಖವಾಡದ ಅಂಚಿನ ಗೆರೆ ಕೆಂಪಗೆ ಮೂಡಿತ್ತು, ಕಣ್ಣು ಹೊಳೆಯುತ್ತಿತ್ತು. ಆ ಮುಖಕ್ಕೆ ಹೇಳಲಾಗಲಿಲ್ಲ. ಅವಳು ನನ್ನನ್ನೇ ದಿಟ್ಟಿಸಿದಳು. ಹೂವು ತೆಗೆದುಕೊಳ್ಳಲಿಲ್ಲ. ಗೆಳತಿಯ ಕಾರಿನಲ್ಲಿ ನಮ್ಮನ್ನು ಮನೆಗೆ ಕರೆತರುವ ದಾರಿಯಲ್ಲಿ ನಿಮ್ಮಪ್ಪನಿಗೆ ಫೋನ್ ಮಾಡಿ ಉಳಿದುದನ್ನು ಇಂಗ್ಲಿಷಿನಲ್ಲಿ ತಿಳಿದುಕೊಂಡಳು. ನನ್ನ ಜೊತೆ ಮಾತಾಡಲಿಲ್ಲ.

ಶನಿವಾರದ ವಿಮಾನ ಸಿಕ್ಕಿತು. ಭಾನುವಾರವಿಡೀ ನಾನು ದೇವರ ಮುಂದೆ ಕೂತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮನೆಯ ಒಳಗೆ ಸುಮ್ಮನೆ ಓಡಾಡಿದೆ. ನಿಮ್ಮಮ್ಮ ಇನ್ನೂ ಆಕಾಶದಲ್ಲಿದ್ದಾಳೆ. ಅವಳು ಇಳಿಯುವುದರೊಳಗೆ ಆಗಿಹೋದರೆ? ಮಗಳ ನಾಟಕವನ್ನೂ ತಪ್ಪಿಸಿದೆ, ಅಪ್ಪನ ಮುಖವನ್ನೂ ಕಾಣಿಸಲಿಲ್ಲ ಎಂದಾದರೆ? ದೊಡ್ಡವಳು ಬರ್ಕ್ಲಿಗೆ ಹಿಂದಿರುಗದೆ ಮನೆಯಲ್ಲೇ ಇದ್ದಳು, ಬಾಗಿಲು ಹಾಕಿಕೊಂಡು. ಅವಳ ಕೋಣೆಯ ಮುಂದೆ ತಟ್ಟೆ ಇಟ್ಟು ಬರುತ್ತಿದ್ದೆ. ತಟ್ಟೆ ಖಾಲಿಯಾಗುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಯಾಕೆ ವೇಟ್ ಮಾಡ್ಲಿಲ್ಲ ಎಂಬ ಆ ಪ್ರಶ್ನೆಯನ್ನು ಅವಳು ಮೊದಲು ಕೇಳಿದ್ದು ಅವತ್ತು ಸಂಜೆ, ನೀರಿಗೆಂದು ಹೊರಗೆ ಬಂದಾಗ.

ನಿಮ್ಮಮ್ಮ ತಲುಪಿದಾಗ ಅಜ್ಜನಿಗೆ ಉಸಿರಿತ್ತು. ಅದನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿದ್ದಳು. ಆಮೇಲೆ ಏನೂ ಇಲ್ಲ. ನಮ್ಮ ಸೋಮವಾರ ಬೆಳಿಗ್ಗೆ ಫೋನ್ ಬಂತು. ನಿಮ್ಮಪ್ಪನಿಗಲ್ಲ, ನನಗೆ. ನನಗೆ ಫೋನನ್ನು ಕಿವಿಗಿಟ್ಟು ಕೇಳಲು ಬರುವುದಿಲ್ಲ, ಯಾವಾಗಲೂ ಸ್ಪೀಕರಿಗೆ ಹಾಕುವವಳು. ಅಡುಗೆಮನೆಯ ಮೇಜಿನ ಮೇಲಿಟ್ಟೆ. ಸದ್ದು ಕೇಳಿ ದೊಡ್ಡವಳು ಬಾಗಿಲು ತೆರೆದು ಬಂದಳು. ನನ್ನ ಪಕ್ಕದ ಕುರ್ಚಿಯಲ್ಲಿ ಮೊಣಕಾಲು ಮಡಿಸಿಕೊಂಡು ಕೂತಳು.

"ಅತ್ತೆ, ಅಪ್ಪ ಹೋದ್ರು" ಎಂದಳು ನಿಮ್ಮಮ್ಮ. ಅಷ್ಟಕ್ಕೆ ನಿಲ್ಲಿಸುತ್ತಾಳೆ ಅಂದುಕೊಂಡೆ. ನಿಲ್ಲಿಸಲಿಲ್ಲ. ದೊಡ್ಡ ಉಸಿರು ತೆಗೆದುಕೊಂಡು ಮೊದಲಿಂದ ಹೇಳಿದಳು. ಮಂಗಳೂರಲ್ಲಿ ಇಳಿದಾಗ ಮಳೆ ಇತ್ತಂತೆ. ಅಣ್ಣ ದಾರಿಯಲ್ಲಿ ಒಂದೂ ಮಾತಾಡಲಿಲ್ಲವಂತೆ. ಅಪ್ಪನ ಕಾಲು ತಣ್ಣಗಿತ್ತು, ಕೈ ಮಾತ್ರ ಬೆಚ್ಚಗಿತ್ತು. ತನ್ನ ಫೋನಿನಲ್ಲಿದ್ದ ನಾಟಕದ ವಿಡಿಯೋವನ್ನು, ನಿಮ್ಮಪ್ಪ ಎದ್ದು ಬರುವ ಮುಂಚೆ ಹಿಡಿದಿದ್ದ ಅಷ್ಟನ್ನು, ಅಪ್ಪನ ಕಿವಿಯ ಹತ್ತಿರ ಇಟ್ಟಳಂತೆ. ಅವರಿಗೆ ಕೇಳಿತೋ ಇಲ್ಲವೋ ಗೊತ್ತಿಲ್ಲ ಎಂದಳು. ರೆಪ್ಪೆ ಆಡಿದ ಹಾಗಾಯಿತು, ಅದು ಯಂತ್ರದ ಗಾಳಿಗೂ ಇರಬಹುದು ಎಂದಳು. ಸಂಜೆ ನರ್ಸು ಬಂದು ಒಂದು ನಳಿಗೆ ಸರಿಮಾಡಿದಳು.

ನಾನು "ಹ್ಞೂಂ", "ಹ್ಞೂಂ" ಎನ್ನುತ್ತಿದ್ದೆ. ಬಾಯಿಗೆ ಗಂಗೆ ಬಿಟ್ಟ ಜಾಗಕ್ಕೆ ಬಂದಾಗ ನನ್ನ ಹ್ಞೂಂ ತಪ್ಪಿಹೋಯಿತು.

ಆ ಕಡೆ ನಿಮ್ಮಮ್ಮ ನಿಲ್ಲಿಸಿದಳು. "ಅತ್ತೆ? ಇದ್ದೀರಾ?"

ನಾನು ಸೆರಗನ್ನು ಬಾಯಿಗೆ ಹಿಡಿದಿದ್ದೆ. ನನ್ನ ಪಕ್ಕದಿಂದ ದೊಡ್ಡವಳು ಮೇಜಿನ ಮೇಲೆ ಬಾಗಿದಳು.

"ಹ್ಞೂಂ, ಅಮ್ಮ" ಎಂದಳು. "ಆಮೇಲೆ? ಹೇಳು."